ಆಡೂರಿನ ಸುತ್ತಲಿನ ಹಳೆಯ ರಾಜಧಾನಿಗಳು

ಹಾವೇರಿ ಜಿಲ್ಲೆಯ ಹಾನಗಲ್ಲ ತಾಲ್ಲೂಕಿನ ಆಡೂರು, ಹಾನಗಲ್ಲಿನ ಪೂರ್ವಕ್ಕಿರುವ ಒಂದು ದೊಡ್ಡ ಹಳ್ಳಿ. ಇಲ್ಲಿ ಬೀಡುಬಿಟ್ಟರೆ ಮೂರು ಹಳೆಯ ರಾಜಧಾನಿಗಳು ಬಸ್ಸಿನ ದಾರಿಯಲ್ಲೇ ಸಿಗುತ್ತವೆ. ಒಂದು, ಕದಂಬರ ಒಂದು ಶಾಖೆ ಆಳಿದ ಹಾನಗಲ್ಲು. ಎರಡನೆಯದು, ರಾಷ್ಟ್ರಕೂಟರ ಕಾಲದಲ್ಲಿ ಬನವಾಸಿ ನಾಡಿನ ಆಡಳಿತ ನಡೆದ ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರ. ಮೂರನೆಯದು, 1948ರವರೆಗೂ ನವಾಬರ ಸಂಸ್ಥಾನವಾಗಿದ್ದ ಸವಣೂರು. ದಕ್ಷಿಣಕ್ಕೆ ಹಿರೇಕೆರೂರಿನ ಸೀಮೆಯಲ್ಲಿ ರಾಜಧಾನಿ ಇರಲಿಲ್ಲ. ಆದರೆ ಈ ರಾಜಧಾನಿಗಳ ಕಥೆ ಪೂರ್ತಿಯಾಗಲು ಅಬಲೂರು, ಮಾಸೂರುಗಳಿಗೂ ಹೋಗಬೇಕು. ಎಲ್ಲ ಸೇರಿ ಮೂರು ನಾಲ್ಕು ದಿನದ ಪ್ರವಾಸ.

ರಾಜಧಾನಿ ಎಂದರೆ ಇಂದಿನ ಪ್ರವಾಸಿಗನ ಕಣ್ಣಮುಂದೆ ಬರುವುದು ಬ್ಯಾಂಕಾಕಿನಂಥ ನಗರ. ಅರಮನೆ, ಬೌದ್ಧ ವಿಹಾರ, ಹೊಳೆಯ ದೋಣಿ, ರಾತ್ರಿಯ ಪೇಟೆ, ಎಲ್ಲವೂ ಒಂದೇ ಕಡೆ. ಆ ಬ್ಯಾಂಕಾಕ್ ರಾಜಧಾನಿಯಾದದ್ದು 1782ರಲ್ಲಿ. ಅದಕ್ಕೂ ಹದಿನೈದು ವರ್ಷ ಮೊದಲು, 1767ರಲ್ಲಿ, ಹಿಂದಿನ ರಾಜಧಾನಿ ಅಯುತ್ಥಯವನ್ನು ಬರ್ಮಾದ ಸೈನ್ಯ ಸುಟ್ಟಿತ್ತು. ಅಯುತ್ಥಯದ ಪಾಳುಗಳನ್ನು ನೋಡಲು ಇಂದಿಗೂ ಜಗತ್ತಿನ ಜನ ಹೋಗುತ್ತಾರೆ. ನಮ್ಮ ಹಾನಗಲ್ಲು, ಬಂಕಾಪುರಗಳಿಗೂ ಅದೇ ಗತಿ ಬಂದಿತ್ತು. ಮುತ್ತಿಗೆ, ಸೋಲು, ಗದ್ದುಗೆ ಇನ್ನೊಂದೂರಿಗೆ ಸರಿದದ್ದು ಎಲ್ಲವೂ ಇಲ್ಲೂ ನಡೆದಿವೆ. ಆದರೆ ಹೆದ್ದಾರಿಯಲ್ಲಿ ಹುಬ್ಬಳ್ಳಿ ಕಡೆಗೆ ಓಡುವ ಕಾರುಗಳು ಬಂಕಾಪುರದ ಫಲಕ ಕಂಡರೂ ನಿಲ್ಲುವುದಿಲ್ಲ. ಇವು ನಿಂತು ನೋಡಬೇಕಾದ ಊರುಗಳು. ಒಂದೊಂದಕ್ಕೂ ಒಂದು ಪೂರ್ತಿ ದಿನ ಕೊಡಬೇಕು.

ಆಡೂರು

ಪ್ರವಾಸ ಆಡೂರಿನಿಂದಲೇ ಆರಂಭವಾಗುವುದು ಸರಿ. ಇಲ್ಲಿ ದೊರೆತ ಶಾಸನ ಬಾದಾಮಿ ಚಾಲುಕ್ಯರ ಕೊನೆಯ ದೊರೆ ಇಮ್ಮಡಿ ಕೀರ್ತಿವರ್ಮನ ಕಾಲದ್ದು, ಸುಮಾರು ಕ್ರಿ.ಶ. 750ರದು. ಒಂದು ಭಾಗ ಸಂಸ್ಕೃತದಲ್ಲಿದೆ, ಇನ್ನೊಂದು ಹಳಗನ್ನಡದಲ್ಲಿ. ಊರನ್ನು ಪಾಂಡೀಪುರ ಎಂದು ಕರೆದಿದೆ. ಸಿಂದ ಮನೆತನದವನೊಬ್ಬ ಆಗ ಈ ಊರನ್ನು ಆಳುತ್ತಿದ್ದ. ಸ್ಥಳೀಯ ಗಾವುಂಡರು ಜಿನಾಲಯಕ್ಕೆ ಭೂಮಿ ಬಿಟ್ಟದ್ದೇ ಶಾಸನದ ವಿಷಯ. ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ 19ನೆಯ ಶತಮಾನದಲ್ಲಿ ಇದನ್ನು ಓದಿ ಪ್ರಕಟಿಸಿದ.

ಆ ಕನ್ನಡ ಭಾಗದಲ್ಲಿ ದಾನದ ನೆಲ ಗದ್ದೆಯದು, ಅಳತೆ ಮತ್ತರು ಎಂಬ ಹಳೆಯ ಮಾನದಲ್ಲಿದೆ. ಇಂದು ಆಡೂರಿನಿಂದ ಅಕ್ಕಿಆಲೂರಿನ ಕಡೆಗೆ ಹೋಗುವಾಗ ಮಳೆಗಾಲದಲ್ಲಿ ರಸ್ತೆಯ ಪಕ್ಕ ಕಾಣುವುದೂ ಭತ್ತವೇ. ಅಕ್ಕಿಆಲೂರಿಗೆ ಅಕ್ಕಿಯ ಹೆಸರೇ ಅಂಟಿಕೊಂಡಿದೆ. ಗೋವಿನಜೋಳ, ಹತ್ತಿ ಆಮೇಲೆ ಹೆಚ್ಚಿದ ಪೀಕುಗಳು. ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಅಂಚು ಇದು. ಮಳೆ ಮಲೆನಾಡಿನಷ್ಟು ಸುರಿಯುವುದಿಲ್ಲ, ಬಯಲಿನಷ್ಟು ಕೈಕೊಡುವುದೂ ಇಲ್ಲ. ಅದಕ್ಕೇ ಇಲ್ಲಿ ಕೆರೆ ಕಟ್ಟಿದವನು ಬದುಕಿದ, ಕೆರೆ ಇದ್ದಲ್ಲಿ ಊರು ನಿಂತಿತು, ಊರು ನಿಂತಲ್ಲಿ ಅರಸ ಬಂದು ಕೂತ. ಅರಸರು ಎದ್ದುಹೋದ ಮೇಲೂ ಕೆರೆಯ ಕೆಳಗೆ ಒಕ್ಕಲು ಉಳಿಯಿತು. ಈ ಸೀಮೆಯ ಇತಿಹಾಸದ ಎಳೆ ಅದೇ ಎಂಬುದು ಈ ಲೇಖನದ ನಿಲುವು.

ಹಾನಗಲ್ಲು

ಶಾಸನಗಳ ಪಾನುಂಗಲ್ಲೇ ಇಂದಿನ ಹಾನಗಲ್ಲು. ಜನ ಇದನ್ನು ಮಹಾಭಾರತದ ವಿರಾಟನಗರಿ ಎಂದು ನಂಬಿದ್ದಾರೆ. ಪಾಂಡವರು ಅಜ್ಞಾತವಾಸ ಕಳೆದದ್ದು ಇಲ್ಲೇ ಎಂಬ ಮಾತು ಊರಿನ ಮಕ್ಕಳ ಬಾಯಲ್ಲೂ ಇದೆ. ಇತಿಹಾಸದಲ್ಲಿ ಇದು ಪಾನುಂಗಲ್-500 ಎಂಬ ಹೆಸರಿನ ನಾಡಿನ ಕೇಂದ್ರ, ಕಲ್ಯಾಣ ಚಾಲುಕ್ಯರ ಸಾಮಂತರಾದ ಹಾನಗಲ್ಲ ಕದಂಬರ ರಾಜಧಾನಿ. ಧರ್ಮಾ ನದಿ ಊರಿನ ಬಳಿ ಹರಿದು ಮುಂದೆ ವರದೆಯನ್ನು ಸೇರುತ್ತದೆ, ವರದೆ ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುತ್ತದೆ.

ನೋಡಬೇಕಾದ ಮೊದಲ ಗುಡಿ ತಾರಕೇಶ್ವರ, 12ನೆಯ ಶತಮಾನದ ಕಟ್ಟಡ. ಬಳಪದ ಕಲ್ಲಿನಿಂದ ಕಟ್ಟಿದ್ದು. ಈ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತದೆ. ಆದ್ದರಿಂದಲೇ ತಿರುಗಣಿಯಲ್ಲಿ ಕಡೆದ ಇಲ್ಲಿನ ಕಂಬಗಳ ಏಣುಗಳು ಇಷ್ಟು ಚೂಪಾಗಿ ಉಳಿದಿವೆ. ಆದರೆ ಈ ಗುಡಿಯ ಪ್ರಾಣವಿರುವುದು ಮಂಟಪದ ಚಾವಣಿಯಲ್ಲಿ. ಎಂಟು ಮೂಲೆಯ ದೊಡ್ಡ ಗುಮ್ಮಟ, ಅದರ ನಡುವಿನಿಂದ ತಲೆಕೆಳಗಾಗಿ ತೂಗುವ ಕಲ್ಲಿನ ಕಮಲ. ಇದರಲ್ಲಿ ಗಾರೆಯಿಲ್ಲ, ಕಮಾನೂ ಇಲ್ಲ. ಒಂದು ಸುತ್ತಿನ ಕಲ್ಲನ್ನು ಕೆಳಗಿನ ಸುತ್ತಿಗಿಂತ ಸ್ವಲ್ಪ ಒಳಕ್ಕೆ ಚಾಚಿ, ಅದರ ಮೇಲೆ ಇನ್ನೊಂದು ಸುತ್ತು ಇನ್ನಷ್ಟು ಒಳಕ್ಕೆ, ಹೀಗೆ ಬಾಯಿ ಕಿರಿದಾಗುತ್ತ ಹೋಗಿ ಮೇಲೆ ಮುಚ್ಚಿಕೊಳ್ಳುತ್ತದೆ. ಒಂದೊಂದು ಸುತ್ತಿನ ಭಾರವೇ ಕೆಳಗಿನ ಸುತ್ತನ್ನು ಹಿಡಿದು ನಿಲ್ಲಿಸಿದೆ. ನಿಂತು ನೋಡಿದರೆ ಕುತ್ತಿಗೆ ನೋಯುತ್ತದೆ. ನೆಲದ ಮೇಲೆ ಕೂತು, ಸಾಧ್ಯವಾದರೆ ಅಂಗಾತ ಮಲಗಿ, ಕಣ್ಣು ಕತ್ತಲಿಗೆ ಒಗ್ಗುವವರೆಗೆ ಕಾಯಬೇಕು. ಆಗ ಕಮಲದ ಎಸಳು ಒಂದರ ಹಿಂದೊಂದು ಮೂಡುತ್ತವೆ. ಕರ್ನಾಟಕದ ಚಾಲುಕ್ಯ ಗುಡಿಗಳ ಚಾವಣಿಗಳಲ್ಲಿ ಇದಕ್ಕೆ ಸಾಟಿಯಾದುವು ಬೆರಳೆಣಿಕೆಯಷ್ಟು.

ತಾರಕೇಶ್ವರದ ಆವರಣದ ವೀರಗಲ್ಲನ್ನು ಬಿಟ್ಟು ಬರಬಾರದು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಅದರ ಮೇಲೆ ಸತ್ತ ವೀರನನ್ನು ಅಪ್ಸರೆಯರು ಒಯ್ಯುವುದು, ಎಲ್ಲಕ್ಕೂ ಮೇಲೆ ಕೈಲಾಸದಲ್ಲಿ ಲಿಂಗದ ಮುಂದೆ ಅವನು ಕೂತಿರುವುದು. ಈ ಕಲ್ಲಿನ ಕೆಳಪಟ್ಟಿಕೆಯಲ್ಲಿ ಆನೆ, ಕುದುರೆ, ಕಾಲಾಳುಗಳ ನೂಕುನುಗ್ಗಲನ್ನು ಶಿಲ್ಪಿ ಬೆರಳುದ್ದದ ಆಕೃತಿಗಳಲ್ಲಿ ತುಂಬಿದ್ದಾನೆ.

ಇಂಥ ಕಲ್ಲುಗಳ ಹಿಂದೆ ನಿಜವಾದ ಮುತ್ತಿಗೆಗಳಿವೆ. ಹೊಯ್ಸಳ ವಿಷ್ಣುವರ್ಧನ ಹಾನಗಲ್ಲನ್ನು ಮುತ್ತಿ ಗೆದ್ದಿದ್ದ. 1196ರಲ್ಲಿ ಅವನ ಮೊಮ್ಮಗ ಇಮ್ಮಡಿ ವೀರಬಲ್ಲಾಳ ಮತ್ತೆ ಬಂದು ಆನೆಕೆರೆಯ ಬಳಿ ಬೀಡುಬಿಟ್ಟ. ಕದಂಬ ಕಾಮದೇವನ ದಂಡನಾಯಕ ಸೋಹಣಿ ಆ ಕಾಳಗದಲ್ಲಿ ಮಡಿದ, ಆದರೆ ಆ ಸಲ ಊರು ಉಳಿಯಿತು. ಮುತ್ತಲು ಬಂದವನು ಕೆರೆಯ ದಂಡೆಯನ್ನೇ ಆರಿಸಿಕೊಂಡದ್ದರಲ್ಲಿ ಅರ್ಥವಿದೆ. ಆನೆ ಕುದುರೆಗಳ ಸೈನ್ಯಕ್ಕೆ ಬೇಕಾದಷ್ಟು ನೀರು ಅಲ್ಲಿತ್ತು. ಆನೆಕೆರೆ ಇಂದಿಗೂ ಇದೆ. ಸಂಜೆ ಅದರ ಏರಿಯ ಮೇಲೆ ನಡೆದರೆ ಹಳೆಯ ಊರಿನ ಹರವು ತಿಳಿಯುತ್ತದೆ. ಬಿಲ್ಲೇಶ್ವರ, ವೀರಭದ್ರ ಗುಡಿಗಳಿಗೆ ಅಲ್ಲಿಂದ ನಡೆದೇ ಹೋಗಬಹುದು.

ಹಾನಗಲ್ಲಿನ ಎರಡನೆಯ ಹಿರಿಮೆ ವಿರಕ್ತಮಠ. ಹಾನಗಲ್ಲ ಕುಮಾರಸ್ವಾಮಿಗಳು (1867–1930) 1904ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯನ್ನೂ 1909ರಲ್ಲಿ ಬಾದಾಮಿಯ ಬಳಿ ಶಿವಯೋಗ ಮಂದಿರವನ್ನೂ ಕಟ್ಟಿದರು. ಇದೇ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಕಣ್ಣಿಲ್ಲದ ಹುಡುಗ ಗದಿಗೆಯ್ಯನನ್ನು ಅವನ ಅಣ್ಣನೊಂದಿಗೆ ಮಠಕ್ಕೆ ಕರೆತಂದು ಸಂಗೀತ ಕಲಿಸಲು ಏರ್ಪಾಟು ಮಾಡಿದವರೂ ಅವರೇ. ಆ ಹುಡುಗ ಪಂಚಾಕ್ಷರಿ ಗವಾಯಿಗಳಾಗಿ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಬೆಳೆಸಿದರು. ಅವರ ಶಿಷ್ಯ, 1914ರಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳೂ ಹಾನಗಲ್ಲ ತಾಲ್ಲೂಕಿನ ದೇವರ ಹೊಸಪೇಟೆಯವರು. ಕಣ್ಣಿಲ್ಲದ ನೂರಾರು ಮಕ್ಕಳು ಹಾಡಿ, ನುಡಿಸಿ ಬದುಕು ಕಟ್ಟಿಕೊಂಡದ್ದು ಈ ಸೀಮೆಯ ಇಬ್ಬರಿಂದ. ಕದಂಬ ಅರಸರಲ್ಲಿ ಯಾರೂ ನಾಡಿಗೆ ಇದಕ್ಕಿಂತ ದೊಡ್ಡದನ್ನು ಕೊಟ್ಟಿಲ್ಲ.

ಬಂಕಾಪುರ

ಎರಡನೆಯ ದಿನ ನಸುಕಿನಲ್ಲೇ ಹೊರಡಬೇಕು, ನವಿಲುಗಳಿಗಾಗಿ. ಬಂಕಾಪುರದ ಕೋಟೆಯ ಒಳಗೆ ಈಗ ಮನೆಗಳಿಲ್ಲ. ಪಶುಸಂಗೋಪನಾ ಇಲಾಖೆಯ ಖಿಲಾರಿ ದನಗಳ ತಳಿ ಕೇಂದ್ರವಿದೆ, ಕುರುಚಲು ಕಾಡಿದೆ, ಸುತ್ತ ಕಂದಕವಿದೆ. ಈ 139 ಎಕರೆಯನ್ನು 2006ರಲ್ಲಿ ನವಿಲುಧಾಮ ಎಂದು ಘೋಷಿಸಲಾಯಿತು. ಬೆಳಗಿನ ಜಾವ ಕೋಟೆಯ ಗೋಡೆಯ ಮೇಲಿಂದ ಕೂಗು ಕೇಳುತ್ತದೆ, ಆಮೇಲೆ ಹೆಣ್ಣು ನವಿಲುಗಳು ಒಂದೊಂದಾಗಿ ಹುಲ್ಲಿಗಿಳಿಯುತ್ತವೆ. ಬಿಳಿಯ ಖಿಲಾರಿ ದನ, ನಡುವೆ ನೀಲಿ ಕುತ್ತಿಗೆಯ ನವಿಲು, ಹಿಂದೆ ಕರಿಕಲ್ಲಿನ ಗೋಡೆ. ಸದ್ದು ಮಾಡದೆ ಒಂದು ಮರದಡಿ ಅರ್ಧ ತಾಸು ಕೂತವರಿಗೆ ಈ ನೋಟ ಸಿಗುತ್ತದೆ. ಬಿಸಿಲೇರಿದ ಮೇಲೆ ಬಂದವರಿಗೆ ಉದುರಿದ ಗರಿ ಮಾತ್ರ.

ಊರಿನ ಹೆಸರು ಬಂಕೇಶನದು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ನೆಚ್ಚಿನ ದಂಡನಾಯಕ ಇವನು, ಚೆಲ್ಲಕೇತನ ಮನೆತನದವನು. ಅವನ ಮಗ ಲೋಕಾದಿತ್ಯ ಬನವಾಸಿ ನಾಡನ್ನು ಇಲ್ಲಿಂದ ಆಳುತ್ತಿದ್ದ. ಗುಣಭದ್ರಾಚಾರ್ಯರ ಜೈನ ಗ್ರಂಥ ಉತ್ತರಪುರಾಣಕ್ಕೆ 898ರಲ್ಲಿ ಪೂಜೆ ನಡೆದದ್ದು ಇದೇ ಲೋಕಾದಿತ್ಯನ ಬಂಕಾಪುರದಲ್ಲಿ. ಅದಾಗಿ ಮುಕ್ಕಾಲು ಶತಮಾನದ ಮೇಲೆ ಗಂಗ ದೊರೆ ಇಮ್ಮಡಿ ಮಾರಸಿಂಹ ರಾಜ್ಯ ತೊರೆದು ಬಂಕಾಪುರಕ್ಕೆ ಬಂದು, ಅಜಿತಸೇನ ಆಚಾರ್ಯರ ಸನ್ನಿಧಿಯಲ್ಲಿ ಉಪವಾಸದ ಸಲ್ಲೇಖನ ವ್ರತದಿಂದ ದೇಹ ಬಿಟ್ಟ. ಶ್ರವಣಬೆಳಗೊಳದ ಶಾಸನವೊಂದು ಅದನ್ನು ಹೇಳುತ್ತದೆ. ಮುಧೋಳದ ಬಳೆಗಾರರ ಮನೆಯ ಹುಡುಗ, ಮುಂದೆ ಕವಿಯಾದ ರನ್ನ ಓದಲು ಬಂದದ್ದೂ ಈ ಅಜಿತಸೇನರ ಬಳಿಗೇ. ಕನ್ನಡ ಓದುವವರಿಗೆ ಬಂಕಾಪುರ ಒಂದು ವಿದ್ಯಾಪೀಠವಾಗಿ ನೆನಪಿರಬೇಕು. ಕೋಟೆಯ ಹಿರಿಮೆ ಅದರ ಆಮೇಲಿನದು.

ಕೋಟೆಯೊಳಗಿನ ನಾಗರೇಶ್ವರ ಗುಡಿಯನ್ನು ಜನ ಅರವತ್ತು ಕಂಬದ ಗುಡಿ ಎನ್ನುತ್ತಾರೆ. ಸುತ್ತಲ ನೆಲ ಏರಿದ್ದರಿಂದ ಗುಡಿ ತಗ್ಗಿನಲ್ಲಿದೆ, ಮೆಟ್ಟಿಲಿಳಿದು ಹೋಗಬೇಕು. ಶಿಖರ ಹಾಳಾಗಿದೆ, ಗೋಡೆಯ ವಿಗ್ರಹಗಳಿಗೆ ಪೆಟ್ಟು ಬಿದ್ದಿದೆ. ಮಂಟಪದ ಕಂಬಗಳು ಮಾತ್ರ ಕನ್ನಡಿಯಂತಿವೆ. ಬೆಳಕು ಓರೆಯಾಗಿ ಬರುವ ಹೊತ್ತಿನಲ್ಲಿ ಒಂದು ಕಂಬದ ನುಣುಪಿನಲ್ಲಿ ಪಕ್ಕದ ಕಂಬ ಕಾಣುತ್ತದೆ.

ಈ ಕೋಟೆಗೆ ಒಡೆಯರು ಬಹಳ ಮಂದಿ. ವಿಷ್ಣುವರ್ಧನ ತನ್ನ ಕೊನೆಯ ವರ್ಷಗಳಲ್ಲಿ ಇಲ್ಲಿ ನೆಲೆ ಮಾಡಿಕೊಂಡಿದ್ದ. ಬಹಮನಿಗಳಿಗೂ ವಿಜಯನಗರಕ್ಕೂ ಇದು ಎಳೆದಾಟದ ಕೋಟೆಯಾಯಿತು. 1573ರಲ್ಲಿ ಬಿಜಾಪುರದ ಅಲಿ ಆದಿಲ್‌ಶಾಹ ದೀರ್ಘ ಮುತ್ತಿಗೆ ಹಾಕಿ ಗೆದ್ದ. ಬಂಕಾಪುರದ ಸಮೀಪದ ಬಾಡ ಕನಕದಾಸರ ಹುಟ್ಟೂರು. ವಿಜಯನಗರದ ಕಾಲದಲ್ಲಿ ಅವರ ಮನೆತನ ಈ ಸೀಮೆಯ ನಾಯಕತ್ವ ನಡೆಸುತ್ತಿತ್ತು ಎಂಬುದು ಪರಂಪರೆ. ಯುದ್ಧದ ಬದುಕು ಬಿಟ್ಟು ಕಾಗಿನೆಲೆಯ ಆದಿಕೇಶವನ ಹೆಸರಿನಲ್ಲಿ ಹಾಡಿದವರು, ಅಕ್ಕಿ ಮತ್ತು ರಾಗಿಯ ಜಗಳವನ್ನೇ ಕಾವ್ಯ ಮಾಡಿ ಬಡವರ ಧಾನ್ಯವನ್ನು ಗೆಲ್ಲಿಸಿದವರು ಅವರು. ಬಾಡದಲ್ಲಿ ಈಗ ಅವರ ನೆನಪಿನ ಕೋಟೆ, ಅರಮನೆಗಳನ್ನು ಹೊಸದಾಗಿ ಕಟ್ಟಲಾಗಿದೆ.

ಶಿಗ್ಗಾಂವಿ ತಾಲ್ಲೂಕಿನಲ್ಲೇ ಶಿಶುವಿನಹಾಳ ಇದೆ. ತತ್ತ್ವಪದಗಳ ಕವಿ ಶಿಶುನಾಳ ಶರೀಫರು (1819–1889) ಹುಟ್ಟಿದ್ದೂ ಮಣ್ಣಾದದ್ದೂ ಅಲ್ಲೇ. ಮುಸಲ್ಮಾನ ಶಿಷ್ಯ, ಬ್ರಾಹ್ಮಣ ಗುರು ಕಳಸದ ಗೋವಿಂದಭಟ್ಟರು. ಶರೀಫರ ಗದ್ದುಗೆಗೆ ಎರಡೂ ಧರ್ಮದ ಜನ ನಡೆದುಕೊಳ್ಳುತ್ತಾರೆ. ಹೆದ್ದಾರಿಯ ಪಕ್ಕದ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಜಾನಪದ ವಿಶ್ವವಿದ್ಯಾಲಯವೂ, ಕಲಾವಿದ ಟಿ.ಬಿ. ಸೊಲಬಕ್ಕನವರ ಕಲ್ಪನೆಯ ಉತ್ಸವ ರಾಕ್ ಗಾರ್ಡನ್ನೂ ಇವೆ. ಮಕ್ಕಳೊಂದಿಗೆ ಬಂದವರು ಮಧ್ಯಾಹ್ನವನ್ನು ಅಲ್ಲಿ ಕಳೆಯಬಹುದು.

ಸವಣೂರು

ಬಂಕಾಪುರದಿಂದ ಗದ್ದುಗೆ ಸರಿದದ್ದು ಸವಣೂರಿಗೆ. ಬಿಜಾಪುರದ ಸೇವೆಯಲ್ಲಿದ್ದ ಮಿಯಾನಾ ಪಠಾಣ ಮನೆತನ 17ನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿ ಬೇರೂರಿತು. ನವಾಬರ ಸಂಸ್ಥಾನ ಮರಾಠರು, ನಿಜಾಮ, ಮೈಸೂರು ಮೂವರ ನಡುವೆ ಸಿಕ್ಕಿಕೊಂಡಿತ್ತು. 1756ರಲ್ಲಿ ಪೇಶ್ವೆ ಮತ್ತು ನಿಜಾಮರ ಸೈನ್ಯ ಫ್ರೆಂಚ್ ಸೇನಾನಿ ಬುಸಿಯ ತೋಪುಗಳೊಂದಿಗೆ ಊರನ್ನು ಮುತ್ತಿತು. ಮೈಸೂರಿನ ಹೈದರಾಲಿ ಮೊದಲು ನವಾಬನನ್ನು ಸೋಲಿಸಿದ, ಆಮೇಲೆ ಅವನ ಮನೆತನದೊಂದಿಗೆ ಬೀಗತನ ಮಾಡಿದ. ಆ ನೆಂಟಸ್ತಿಕೆಯೂ ಊರನ್ನು ಕಾಯಲಿಲ್ಲ, ಹೈದರನ ಮಗ ಟಿಪ್ಪುವೇ 1786ರಲ್ಲಿ ಸವಣೂರನ್ನು ಹಿಡಿದ. ಇಷ್ಟೆಲ್ಲ ದಾಟಿ ಬಂದ ಸಣ್ಣ ಸಂಸ್ಥಾನ ಬ್ರಿಟಿಷರ ಕಾಲವನ್ನೂ ಕಂಡು 1948ರಲ್ಲಿ ಭಾರತದಲ್ಲಿ ವಿಲೀನವಾಯಿತು.

ಅದೇ ನವಾಬರ ಊರಿನಲ್ಲಿ ಉತ್ತರಾದಿ ಮಠದ ಸತ್ಯಬೋಧ ತೀರ್ಥರ ವೃಂದಾವನವಿದೆ. 1783ರಲ್ಲಿ ಅವರು ಇಲ್ಲಿ ವೃಂದಾವನಸ್ಥರಾದರು. ಸುತ್ತ ಯುದ್ಧಗಳು ನಡೆಯುತ್ತಿದ್ದ ಆ ದಶಕಗಳಲ್ಲಿ ಒಬ್ಬ ಮಾಧ್ವ ಯತಿ ಪಠಾಣ ನವಾಬನ ರಾಜಧಾನಿಯನ್ನು ಕೊನೆಯ ನೆಲೆಯಾಗಿ ಆರಿಸಿಕೊಂಡದ್ದು ಆ ಊರಿನ ಬಗ್ಗೆ ಬಹಳ ಹೇಳುತ್ತದೆ. ಕವಿ ವಿ.ಕೃ. ಗೋಕಾಕರು 1909ರಲ್ಲಿ ಹುಟ್ಟಿದ್ದೂ ಸವಣೂರಿನಲ್ಲಿ.

ದೊಡ್ಡಹುಣಸೆ ಕಲ್ಮಠದ ಅಂಗಳದ ಮರಗಳು ಸವಣೂರಿನ ಅಚ್ಚರಿ. ಜನ ಇವನ್ನು ದೊಡ್ಡಹುಣಸೆ ಎಂದು ಕರೆಯುವುದು ಕಾಯಿಯೊಳಗಿನ ತಿರುಳಿನ ಹುಳಿಯಿಂದ. ನಿಜವಾಗಿ ಇವು ಆಫ್ರಿಕಾ ಮೂಲದ ಬಾವೊಬಾಬ್. ಶ್ರೀಕೃಷ್ಣ ತಂದು ನೆಟ್ಟ ಎಂಬ ಐತಿಹ್ಯವಿದೆ. ಭಾರತದ ಹಲವೆಡೆ ಈ ಮರಗಳನ್ನು ಅರಬ್ ವ್ಯಾಪಾರಿಗಳು ತಂದರೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಮಧ್ಯಪ್ರದೇಶದ ಮಾಂಡೂ ಕೋಟೆಯಲ್ಲೂ ಇವು ಇವೆ. ಬುಡ ಒಂದು ಕೋಣೆಯಷ್ಟು ಅಗಲ, ತೊಗಟೆ ಆನೆಯ ತೊಗಲಿನಂತೆ ಬೂದು, ಅಲ್ಲಲ್ಲಿ ಮಡಿಕೆ. ಒಳಗಿನ ಮರ ಮೆತ್ತಗಿದ್ದು ಮಳೆಯ ನೀರನ್ನು ಕೂಡಿಟ್ಟುಕೊಳ್ಳುತ್ತದೆ. ಬೇಸಿಗೆಗೆ ಎಲೆಯೆಲ್ಲ ಉದುರಿ, ಬೇರು ಮೇಲೆ ಮಾಡಿ ನೆಟ್ಟಂತೆ ಕಾಣುತ್ತದೆ. ಬಿಳಿಯ ದೊಡ್ಡ ಹೂ ಅರಳುವುದು ರಾತ್ರಿ, ಪರಾಗ ಹರಡುವುದು ಬಾವಲಿಗಳು. ಮೂರು ಮರಗಳಿದ್ದವು. 2023ರ ಮಳೆಗಾಲದಲ್ಲಿ ಒಂದು ಬುಡಸಮೇತ ಉರುಳಿತು, ಯಂತ್ರಗಳ ನೆರವಿನಿಂದ ಅದನ್ನು ಮತ್ತೆ ನೆಡುವ ಕೆಲಸ ನಡೆಯಿತು. ಶತಮಾನಗಳ ಮರ ಬಿದ್ದಾಗ ಕಡಿದು ಸೌದೆ ಮಾಡದೆ ಎತ್ತಿ ನಿಲ್ಲಿಸಲು ಮುಂದಾದವರಿಗೆ ನಾಡು ಋಣಿಯಾಗಿರಬೇಕು.

ಸಂಜೆಗೆ ಪೇಟೆ. ಸವಣೂರಿನ ವೀಳ್ಯದೆಲೆ, ಸವಣೂರಿನ ಖಾರ ಎರಡಕ್ಕೂ ದೂರದೂರದಲ್ಲಿ ಹೆಸರಿದೆ. ಖಾರ ಎಂದರೆ ಇಲ್ಲಿ ಶೇವು, ಬೂಂದಿ, ಹುರಿದ ಶೇಂಗಾ ಕೂಡಿದ ತಿಂಡಿ. ಅದನ್ನು ಚುರುಮುರಿಯೊಂದಿಗೆ ಕಲಸಿಕೊಂಡು, ಮೇಲೆ ಹಸಿ ಉಳ್ಳಾಗಡ್ಡಿ ಕಡಿದು ತಿನ್ನುವುದು ಈ ಸೀಮೆಯ ರೂಢಿ. ಮೋತಿ ತಲಾಬ್ ಕೆರೆಯ ದಂಡೆಗೆ ಒಂದು ಪೊಟ್ಟಣ ಒಯ್ದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಹಿರೇಕೆರೂರಿನ ಕಡೆ

ನಾಲ್ಕನೆಯ ದಿನ ಸಿಕ್ಕರೆ ತಪ್ಪದೆ ದಕ್ಷಿಣಕ್ಕೆ ಹೋಗಬೇಕು. ಅಬಲೂರಿನ ಸೋಮೇಶ್ವರ ಗುಡಿಯ ಸುಮಾರು 1200ರ ಶಾಸನ ಏಕಾಂತದ ರಾಮಯ್ಯನ ಕಥೆ ಹೇಳುತ್ತದೆ. ಜೈನರೊಂದಿಗಿನ ವಾದದಲ್ಲಿ ರಾಮಯ್ಯ ತನ್ನ ತಲೆಯನ್ನೇ ಅರಿದು ಶಿವನಿಗೊಪ್ಪಿಸಿದ, ಏಳು ದಿನಕ್ಕೆ ಅದು ಮರಳಿ ಕೂಡಿತು ಎಂಬುದು ಶಾಸನದ ಮಾತು. ಗುಡಿಯಲ್ಲಿ ಅದೇ ಕಥೆ ಶಿಲ್ಪವಾಗಿ, ಕೆಳಗೆ ಕನ್ನಡದ ವಿವರಣೆಯೊಂದಿಗೆ ಇದೆ. ಕಲಚುರಿ ಬಿಜ್ಜಳನ ಹೆಸರೂ ಚಾಲುಕ್ಯ ಸೋಮೇಶ್ವರನ ಹೆಸರೂ ಶಾಸನದಲ್ಲಿ ಬರುತ್ತವೆ. ಗುಡಿಗೆ ದತ್ತಿ ಬಿಟ್ಟವರಲ್ಲಿ ಹಾನಗಲ್ಲಿನ ಕಾಮದೇವನೂ ಒಬ್ಬ. ಬಲ್ಲಾಳನ ಮುತ್ತಿಗೆಯನ್ನು ಎದುರಿಸಿದ ಅದೇ ಕಾಮದೇವ. ಆಡೂರಿನಲ್ಲಿ ಜಿನಾಲಯಕ್ಕೆ ಗದ್ದೆ, ಬಂಕಾಪುರದಲ್ಲಿ ಜೈನ ಗುರುಕುಲ, ಅಬಲೂರಿನಲ್ಲಿ ಜೈನರೊಂದಿಗೆ ಜಗಳ. ಎಂಟನೆಯ ಶತಮಾನದಿಂದ ಹನ್ನೆರಡರವರೆಗೆ ಈ ನೆಲದಲ್ಲಿ ಧರ್ಮದ ಗಾಳಿ ಹೇಗೆ ತಿರುಗಿತೆಂದು ತಿಳಿಯಲು ಈ ಮೂರು ಊರುಗಳನ್ನು ಇದೇ ಕ್ರಮದಲ್ಲಿ ನೋಡಬೇಕು.

ಸರ್ವಜ್ಞನ ಹುಟ್ಟೂರು ಅಬಲೂರು ಎಂದು ಜನ ನಂಬಿದ್ದಾರೆ, ಮಾಸೂರೂ ಅವನನ್ನು ತನ್ನವನೆನ್ನುತ್ತದೆ. ಅವನ ತ್ರಿಪದಿಗಳನ್ನು ಊರೂರು ಅಲೆದು ಕೂಡಿಸಿ 1924ರಲ್ಲಿ ಪುಸ್ತಕ ಮಾಡಿದವರು ಉತ್ತಂಗಿ ಚನ್ನಪ್ಪನವರು. ಮಾಸೂರಿನ ಬಳಿ ಕುಮುದ್ವತಿ ನದಿಗೆ ಗುಡ್ಡಗಳ ನಡುವೆ ಅಡ್ಡಕಟ್ಟಿದ ಮದಗದ ಕೆರೆ ವಿಜಯನಗರ ಕಾಲದ್ದು. ಮಳೆ ಮುಗಿಯುವ ಹೊತ್ತಿಗೆ ಅದರ ಕೋಡಿ ನೋಡಬೇಕು. ರಟ್ಟೀಹಳ್ಳಿಯ ಮೂರು ಗರ್ಭಗುಡಿಗಳ ಕದಂಬೇಶ್ವರ ಅಲ್ಲಿಂದ ದೂರವಿಲ್ಲ.

ಬರುವವರಿಗೆ ಒಳ್ಳೆಯ ಕಾಲ ದೀಪಾವಳಿಯಿಂದ ಸಂಕ್ರಾಂತಿಯವರೆಗೆ. ಕೆರೆಗಳು ತುಂಬಿರುತ್ತವೆ, ಬಿಸಿಲು ಹಿತವಾಗಿರುತ್ತದೆ. ದೀಪಾವಳಿಯ ನಂತರ ಹಾನಗಲ್ಲ, ಹಿರೇಕೆರೂರು ಸೀಮೆಯಲ್ಲಿ ಹೋರಿ ಬೆದರಿಸುವ ಹಬ್ಬ ಆರಂಭವಾಗುತ್ತದೆ. ಕೊಬ್ಬರಿ ಸರ, ಜೂಲ, ಬಲೂನುಗಳಿಂದ ಸಿಂಗರಿಸಿದ ಹೋರಿಯನ್ನು ಓಡಲು ಬಿಡುತ್ತಾರೆ, ಹುಡುಗರು ಹಿಂದೆ ಬಿದ್ದು ಕೊಬ್ಬರಿ ಹರಿದುಕೊಳ್ಳಲು ನೋಡುತ್ತಾರೆ. ಹೆಸರಾದ ಹೋರಿಗಳಿಗೆ ಊರೂರಲ್ಲಿ ಅಭಿಮಾನಿಗಳಿದ್ದಾರೆ. ನೋಡುವವರು ಬೇಲಿಯ ಆಚೆಯೇ ನಿಲ್ಲಬೇಕು. ಕೊಂಬು ತಿವಿದು ಜೀವ ಹೋದ ವರ್ಷಗಳೂ ಇವೆ. ರೈಲಿನಲ್ಲಿ ಬರುವವರು ಹಾವೇರಿಯಲ್ಲಿ ಇಳಿದು ಬಸ್ಸು ಹಿಡಿಯಬಹುದು.

ಈ ತಾಲ್ಲೂಕುಗಳಲ್ಲಿ ಹೊಲದ ಬದುವಿನಲ್ಲಿ, ಕೆರೆಯ ಏರಿಯಲ್ಲಿ, ಬಾವಿಯ ಕಟ್ಟೆಯಲ್ಲಿ ಅಕ್ಷರವಿರುವ ಕಲ್ಲುಗಳು ಇನ್ನೂ ಬಿದ್ದಿವೆ. ಅಂಥದು ಕಂಡರೆ ಅದರ ಮೇಲೆ ಎಣ್ಣೆ ಸುರಿಯಬೇಡಿ, ಸುಣ್ಣ ಬಳಿಯಬೇಡಿ, ಬಟ್ಟೆ ಒಗೆಯಲು ಬಿಡಬೇಡಿ. ಓರೆ ಬೆಳಕಿನಲ್ಲಿ ಒಂದು ಫೋಟೊ ತೆಗೆದು, ಊರ ಹೆಸರು, ಹೊಲದ ಗುರುತು ಬರೆದು ಪುರಾತತ್ವ ಇಲಾಖೆಗೆ ಕಳಿಸಿ.